ಬಾಲ್ ಪೈಥಾನ್ ಬೆಳೆದ ಹಾಗೆ ಯಾವ ಪೆಟ್ಟಿಗೆ ತರಬೇಕು: ಟಬ್, ಗಾಜು, ಪ್ಲೈವುಡ್, ಪಿವಿಸಿ

ಮೊದಲು ನನ್ನ ತೀರ್ಮಾನ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಹಾವು ಮರಿ ಇರುವಾಗ ಮುಚ್ಚಳ ಗಟ್ಟಿ ಇರುವ ಪ್ಲಾಸ್ಟಿಕ್ ಟಬ್. ದೊಡ್ಡದಾದ ಮೇಲೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಪಿವಿಸಿ ಪೆಟ್ಟಿಗೆ. ನಡುವೆ ಇನ್ನೊಂದು ದೊಡ್ಡ ಟಬ್ ಬೇಕಾಗುತ್ತದೆ, ಅಷ್ಟೇ. ಮೇಲೆ ಜಾಲರಿ ಇರುವ ಗಾಜಿನ ಟ್ಯಾಂಕ್ ನಮ್ಮ ದಾವಣಗೆರೆಯ ಒಣ ಹವೆಗೆ ಬೇಡ. ಪ್ಲೈವುಡ್ ಆಗುತ್ತದೆ, ಆದರೆ ಅದರ ಕೆಲಸ ಸರಿಯಾಗಿ ಮಾಡಿಸುವ ತಾಳ್ಮೆ ನಿಮಗಿರಬೇಕು.

ಇದು ದಾವಣಗೆರೆ, ಚಿತ್ರದುರ್ಗ, ಹರಿಹರ, ಚಳ್ಳಕೆರೆ ಈ ಕಡೆಯವರಿಗೆ ಹೇಳುವ ಮಾತು. ಮಂಗಳೂರಿನಲ್ಲಿ ಇರುವವರಿಗೆ ಲೆಕ್ಕವೇ ಬೇರೆ. ಹೊರದೇಶದವರು ಮಾಡಿದ ವಿಡಿಯೋ ನೋಡಿ ಅದರಲ್ಲಿರುವ ಪೆಟ್ಟಿಗೆಯನ್ನೇ ತರಿಸಬೇಡಿ. ನಾನು ಹಾಗೆ ಮಾಡಿ ಹಾವಿಗೆ ಕಷ್ಟ ಕೊಟ್ಟಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ಪೆಟ್ಟಿಗೆಗಿಂತ ಮುಂಚೆ ಕಾಗದಪತ್ರದ ಮಾತು. ಇಲ್ಲಿ ಹೇಳುತ್ತಿರುವುದು ಬಾಲ್ ಪೈಥಾನ್ ಬಗ್ಗೆ ಮಾತ್ರ. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ಘಾನಾ, ಟೋಗೋ, ಬೆನಿನ್ ಕಡೆಯದು. ನಮ್ಮ ಹೊಲ, ಗುಡ್ಡದಲ್ಲಿ ಕಾಣುವ ಹೆಬ್ಬಾವು ಬೇರೆ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಎರಡು ತಲೆ ಹಾವು ಅಂತ ಹೇಳಿ ಮಾರುವ ಮಣ್ಣುಮುಕ್ಕನನ್ನೂ ಸಾಕುವಂತಿಲ್ಲ. ಹೊಲದಲ್ಲಿ ಮರಿ ಸಿಕ್ಕಿತು, ಪಾಪ, ಸಾಕೋಣ ಅಂತ ಯಾರಾದರೂ ತಂದುಕೊಟ್ಟರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬಾಲ್ ಪೈಥಾನ್‌ಗೂ ನೋಂದಣಿ ಬೇಕು. ಅದೇ ಕಾಯ್ದೆಯ 2022ರ ತಿದ್ದುಪಡಿ, ಅದರ ಮೇಲೆ ಬಂದ 2024ರ ನಿಯಮದ ಪ್ರಕಾರ ಹಾವು ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ತಾಣದಲ್ಲಿ ಅರ್ಜಿ ಹಾಕಬೇಕು. ಮಾರುವವರ ಹತ್ತಿರ ದಾಖಲೆ ಇಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಹುತ್ತದ ಲೆಕ್ಕ

ಯಾವ ಪೆಟ್ಟಿಗೆ ಒಳ್ಳೆಯದು ಅಂತ ಕೇಳುವವರಿಗೆ ನಾನು ಮೊದಲು ಹುತ್ತ ನೆನಪು ಮಾಡಿಕೊಳ್ಳಿ ಅನ್ನುತ್ತೇನೆ. ಬಾಲ್ ಪೈಥಾನ್ ತನ್ನ ಊರಲ್ಲಿ ಹಗಲೆಲ್ಲ ಇಲಿ ಬಿಲದಲ್ಲಿ, ಗೆದ್ದಲು ಕಟ್ಟಿದ ಹುತ್ತದಲ್ಲಿ ಮಲಗಿರುತ್ತದೆ. ಕತ್ತಲಾದ ಮೇಲೆ ಹೊರಗೆ ಬರುತ್ತದೆ. ನಮ್ಮ ಕಡೆ ಹುತ್ತ ನೋಡದವರು ಯಾರಿದ್ದಾರೆ? ಹೊರಗೆ ಏಪ್ರಿಲ್ ಬಿಸಿಲು ನೆತ್ತಿ ಸುಡುತ್ತಿದ್ದರೂ ಒಳಗಿನ ಮಣ್ಣು ತಣ್ಣಗೆ, ಸ್ವಲ್ಪ ತೇವವಾಗಿ ಇರುತ್ತದೆ. ಕತ್ತಲು ಇರುತ್ತದೆ. ಮೈ ನಾಲ್ಕೂ ಕಡೆ ತಾಗುವಷ್ಟು ಇಕ್ಕಟ್ಟು ಇರುತ್ತದೆ. ಈ ಹಾವು ಬಯಸುವುದು ಇದನ್ನೇ.

ಹಾಗಾಗಿ ಯಾವ ಪೆಟ್ಟಿಗೆ ನೋಡಿದರೂ ಕೇಳಬೇಕಾದದ್ದು ಇಷ್ಟು: ತೇವ ಹಿಡಿದಿಟ್ಟುಕೊಳ್ಳುತ್ತದಾ, ರಾತ್ರಿ ಶಾಖ ಸೋರಿಹೋಗುತ್ತದಾ, ಹಾವಿಗೆ ಅವಿತುಕೊಳ್ಳಲು ಜಾಗ ಇದೆಯಾ, ಬೀಗ ಗಟ್ಟಿ ಇದೆಯಾ. ನೋಡಲು ಚಂದ ಇದೆಯಾ ಅನ್ನುವುದು ಆಮೇಲೆ.

ಅಳತೆಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಬಿಸಿ ಕಡೆಯ ಗೂಡಿನೊಳಗೆ, ಅಂದರೆ ಹಾವು ಅವಿತುಕೊಳ್ಳುವ ಜಾಗದಲ್ಲಿ, 31ರಿಂದ 33 ಡಿಗ್ರಿ. ತಂಪು ಕಡೆ 25ರಿಂದ 27. ರಾತ್ರಿ 23ಕ್ಕಿಂತ ಕೆಳಗೆ ಇಳಿಯಬಾರದು. ತೇವಾಂಶ ನೂರಕ್ಕೆ 55ರಿಂದ 70, ಪೊರೆ ಬಿಡುವ ಮುಂಚೆ ಇನ್ನೂ ಸ್ವಲ್ಪ ಜಾಸ್ತಿ. ಪೆಟ್ಟಿಗೆಯ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಇರಲೇಬೇಕು, ಯಾಕೆಂದರೆ ಹಾವಿನ ಮೈಗೆ ತನ್ನದೇ ಬಿಸಿ ಇಲ್ಲ, ಅದು ಜಾಗ ಬದಲಿಸಿಯೇ ಮೈ ಬಿಸಿ ಸರಿ ಮಾಡಿಕೊಳ್ಳುವುದು. ಹೀಟರ್ ಯಾವುದೇ ಇರಲಿ, ಬಿಸಿ ಹೆಚ್ಚಾಗದ ಹಾಗೆ ತಾನೇ ನೋಡಿಕೊಳ್ಳುವ ಥರ್ಮೋಸ್ಟಾಟ್ ಇಲ್ಲದೆ ಪ್ಲಗ್ ಹಾಕಬೇಡಿ. ಪೆಟ್ಟಿಗೆಗೆ ದುಡ್ಡು ಸಾಲದಿದ್ದರೆ ಟಬ್‌ನಲ್ಲೇ ಇಡಿ, ಪರವಾಗಿಲ್ಲ. ಥರ್ಮೋಸ್ಟಾಟ್‌ನಲ್ಲಿ ಮಾತ್ರ ಉಳಿತಾಯ ಬೇಡ. ಹಾವಿಗೆ ಹೊಟ್ಟೆ ಕೆಳಗಿನ ಬಿಸಿ ಮೈ ಸುಡುವ ತನಕ ಸರಿಯಾಗಿ ಗೊತ್ತಾಗುವುದಿಲ್ಲ, ಮಲಗಿದ್ದಲ್ಲೇ ಸುಟ್ಟುಕೊಳ್ಳುತ್ತದೆ.

ಮರಿಗೆ ಟಬ್

ನಮ್ಮ ಚಕ್ಕುಲಿ ಬಂದಾಗ 64 ಗ್ರಾಂ ಇದ್ದಳು. ಅಡುಗೆಮನೆ ತಕ್ಕಡಿ ಮೇಲೆ ಸ್ಟೀಲ್ ಡಬ್ಬಿ ಇಟ್ಟು ತೂಗಿದ್ದೆ. ಅಂಗೈಯಲ್ಲಿ ಸುರುಳಿ ಸುತ್ತಿ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡಿದ್ದಳು, ಅದನ್ನು ನೋಡಿಯೇ ಅವ್ವ ಆ ಹೆಸರು ಇಟ್ಟಿದ್ದು. ಬಾಲ್ ಅನ್ನುವ ಹೆಸರು ಬಂದಿರುವುದೂ ಅದಕ್ಕೇ, ಹೆದರಿದರೆ ಚೆಂಡಿನ ಹಾಗೆ ಮುದುಡಿಕೊಳ್ಳುತ್ತದೆ.

ಇಷ್ಟು ಸಣ್ಣ ಜೀವಕ್ಕೆ 15ರಿಂದ 20 ಲೀಟರಿನ ಟಬ್ ಸಾಕು. ಪಾತ್ರೆ ಅಂಗಡಿಯಲ್ಲಿ ಬಟ್ಟೆ, ಬೇಳೆ ತುಂಬಿಡಲು ಮಾರುತ್ತಾರಲ್ಲ, ಎರಡೂ ಕಡೆ ಕ್ಲಿಪ್ ಇರುವ ಡಬ್ಬ, ಅದೇ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಾದ ಕಬ್ಬಿಣದಲ್ಲೋ ಸೋಲ್ಡರಿಂಗ್ ಕಡ್ಡಿಯಲ್ಲೋ ಎರಡೂ ಬದಿಗೆ ಹತ್ತು ಹನ್ನೆರಡು ಸಣ್ಣ ತೂತು ಮಾಡಿ. ಒಳಗಿನಿಂದ ಹೊರಕ್ಕೆ ಚುಚ್ಚಿ, ಆಗ ಚೂಪು ಅಂಚು ಹೊರಗೆ ಉಳಿಯುತ್ತದೆ, ಮರಿಯ ಮೈಗೆ ತಾಗುವುದಿಲ್ಲ. ಪೆನ್ಸಿಲ್ ದಪ್ಪಕ್ಕಿಂತ ಸಣ್ಣದಿರಲಿ. ಹೊಗೆ ಬರುತ್ತದೆ, ಟೆರೇಸ್ ಮೇಲೆ ಮಾಡಿ, ತೊಳೆದು ಒಣಗಿಸಿ.

ಟಬ್‌ನ ಗುಣ ಏನೆಂದರೆ ತೇವ ಓಡಿಹೋಗುವುದಿಲ್ಲ. ಎರಡು ಇಂಚು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹಾಕಿ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು ಆದರೆ ನೀರು ತೊಟ್ಟಿಕ್ಕಬಾರದು, ಅಷ್ಟು ಒದ್ದೆ. ಮಾರ್ಚ್ ತಿಂಗಳಲ್ಲಿ ನಮ್ಮ ರೂಮಿನ ಮೀಟರ್ ತೇವಾಂಶ 28 ತೋರಿಸುತ್ತಿದ್ದಾಗಲೂ ಟಬ್ ಒಳಗೆ 60ಕ್ಕಿಂತ ಕೆಳಗೆ ಇಳಿಯಲಿಲ್ಲ. ಹೀಟ್ ಮ್ಯಾಟ್, ಅಂದರೆ ಕರೆಂಟಿನಲ್ಲಿ ಬಿಸಿಯಾಗುವ ತೆಳು ಹಾಳೆ, ಅದನ್ನು ಟಬ್‌ನ ಮೂರನೇ ಒಂದು ಭಾಗದ ಕೆಳಗೆ ಮಾತ್ರ ಹಾಕಿ, ಥರ್ಮೋಸ್ಟಾಟ್‌ನ ಬಿಸಿ ಅಳೆಯುವ ಪ್ರೋಬ್ ಮ್ಯಾಟಿಗೂ ಟಬ್‌ಗೂ ನಡುವೆ ಇರಲಿ, ಟಬ್ ಕೆಳಗೆ ಸ್ವಲ್ಪ ಗಾಳಿ ಆಡಲಿ. ಮ್ಯಾಟ್ ಇರುವ ಕಡೆ ಮಾತ್ರ ಕೊಕೊಪೀಟ್ ತೆಳ್ಳಗೆ ಇರಲಿ, ದಪ್ಪ ಇದ್ದರೆ ಶಾಖ ಮೇಲೆ ಬರುವುದಿಲ್ಲ.

ಗೂಡಿಗೆ ದುಡ್ಡು ಕೊಡಬೇಕಿಲ್ಲ. ತೆಂಗಿನ ಚಿಪ್ಪು ಅರ್ಧ ಮಾಡಿ, ಒಂದು ಕಡೆ ಬಾಯಿ ಕೊರೆದು, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ. ಎರಡು ಬೇಕು, ಬಿಸಿ ಕಡೆ ಒಂದು, ತಂಪು ಕಡೆ ಒಂದು. ಒಂದೇ ಇಟ್ಟರೆ ಹಾವು ಅವಿತುಕೊಳ್ಳುವುದಾ ಇಲ್ಲ ಮೈ ತಂಪು ಮಾಡಿಕೊಳ್ಳುವುದಾ ಅಂತ ಆರಿಸಬೇಕಾಗುತ್ತದೆ, ಅದು ಯಾವಾಗಲೂ ಅವಿತುಕೊಳ್ಳುವುದನ್ನೇ ಆರಿಸುತ್ತದೆ.

ಟಬ್‌ನ ಕೊರತೆಯನ್ನೂ ಹೇಳಬೇಕು. ಬೆಳಕು ಸರಿಯಾಗಿ ಹೋಗುವುದಿಲ್ಲ. ಎತ್ತರ ಇಲ್ಲ, ಹಾವಿಗೆ ಹತ್ತಲು ಆಗುವುದಿಲ್ಲ. ಗಾಳಿ ಕಡಿಮೆ, ಹಾಗಾಗಿ ಹೇಲು ಹಾಕಿದ್ದನ್ನು ಅವತ್ತೇ ತೆಗೆಯದಿದ್ದರೆ ವಾಸನೆ, ಬೂಸ್ಟು. ಮಾರಾಟಕ್ಕೆ ಮರಿ ಮಾಡಿಸುವವರು ದೊಡ್ಡ ಹಾವನ್ನೂ ಡ್ರಾಯರ್‌ನಂಥ ಟಬ್‌ನಲ್ಲೇ ಜೀವನಪೂರ್ತಿ ಇಡುತ್ತಾರೆ, ತಿನ್ನುತ್ತದೆ, ಮೊಟ್ಟೆ ಇಡುತ್ತದೆ, ಇನ್ನೇನು ಬೇಕು ಅನ್ನುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಮೈಯನ್ನು ಒಮ್ಮೆಯೂ ನೇರ ಚಾಚಲಾಗದ ಜಾಗದಲ್ಲಿ 20, 30 ವರ್ಷ ಬದುಕುವ ಜೀವವನ್ನು ಇಡುವುದು ಸರಿಯಲ್ಲ. ಟಬ್ ಮರಿಗೆ ತೊಟ್ಟಿಲು ಇದ್ದ ಹಾಗೆ.

ಗಾಜಿನ ಟ್ಯಾಂಕ್, ನಾನು ಮಾಡಿದ ತಪ್ಪು

ಚಕ್ಕುಲಿ 300 ಗ್ರಾಂ ದಾಟಿದಾಗ ಅವಳನ್ನು ಚೆನ್ನಾಗಿ ನೋಡಬೇಕು ಅನ್ನುವ ಆಸೆಗೆ ಗಾಜಿನ ಟ್ಯಾಂಕ್ ತಂದೆ. ಮೀನಿನ ಅಂಗಡಿಯಲ್ಲಿ ಮಾಡಿಸಿದ್ದು, ಮೂರು ಅಡಿ, ಮೇಲೆ ಸ್ಟೀಲ್ ಜಾಲರಿ. ಅಂಗಡಿಯವರು ಇದರಲ್ಲಿ ಎಲ್ಲ ಹಾವೂ ಇರುತ್ತವೆ ಅಂದರು. ಮನೆಗೆ ಬಂದವರೆಲ್ಲ ಅದರ ಮುಂದೆ ನಿಂತು ನೋಡುತ್ತಿದ್ದರು. ನಾಗರಪಂಚಮಿ ದಿನ ಎದುರು ಮನೆಯ ಚಿಕ್ಕಮ್ಮ ಸಣ್ಣ ಲೋಟದಲ್ಲಿ ಹಾಲು, ಅರಿಶಿನ-ಕುಂಕುಮ ಹಿಡಿದು ಬಂದಿದ್ದರು. ಹಾವು ಹಾಲು ಕುಡಿಯುವುದಿಲ್ಲ ಚಿಕ್ಕಮ್ಮ, ಕುಡಿದರೆ ಹೊಟ್ಟೆ ಕೆಡುತ್ತದೆ ಅಂತ ಹೇಳಿದೆ. ಅವರು ಗಾಜಿನ ಹೊರಗೆ ಕುಂಕುಮ ಇಟ್ಟು ಕೈ ಮುಗಿದು ಹೋದರು.

ಚಳಿಗಾಲದಲ್ಲಿ ತೊಂದರೆ ಶುರುವಾಯಿತು. ಬಿಸಿ ಗಾಳಿ ಮೇಲೆ ಏರುತ್ತದೆ, ಮೇಲೆ ಇರುವುದು ಬರೀ ಜಾಲರಿ, ಅದರ ಜೊತೆ ತೇವವೂ ಹೊರಟುಹೋಗುತ್ತದೆ. ಬೆಳಿಗ್ಗೆ ನೀರು ಚಿಮುಕಿಸಿದರೆ ಮಧ್ಯಾಹ್ನಕ್ಕೆ 35. ಸಂಜೆ ಮತ್ತೆ ಚಿಮುಕಿಸಿದರೆ ರಾತ್ರಿ ಊಟದ ಹೊತ್ತಿಗೆ ಮತ್ತೆ ಅಷ್ಟೇ. ಬೆಳಕಿಲ್ಲದೆ ಶಾಖ ಮಾತ್ರ ಕೊಡುವ ಬಲ್ಬಿನಂಥ ಸೆರಾಮಿಕ್ ಹೀಟರ್ ಉರಿದಷ್ಟೂ ಗಾಳಿ ಇನ್ನೂ ಒಣಗುತ್ತಿತ್ತು.

ಫೆಬ್ರವರಿಯಲ್ಲಿ ಪೊರೆ ಬಿಡುವ ಹೊತ್ತು. ಕಣ್ಣು ಹಾಲುಬಿಳಿ ಆಗಿ, ಮತ್ತೆ ತಿಳಿಯಾಗಿ, ನಾಲ್ಕು ದಿನ ಕಳೆದರೂ ಪೊರೆ ಬರಲಿಲ್ಲ. ಆರೋಗ್ಯವಾಗಿರುವ ಹಾವು ಮೂತಿಯಿಂದ ಬಾಲದ ತನಕ ಕಾಲುಚೀಲ ಬಿಚ್ಚಿದ ಹಾಗೆ ಒಂದೇ ತುಂಡಾಗಿ ಪೊರೆ ಬಿಡುತ್ತದೆ. ಇವಳದು ಈರುಳ್ಳಿ ಸಿಪ್ಪೆಯ ಹಾಗೆ ಚೂರುಚೂರಾಗಿ ಮೈಗೆ ಅಂಟಿತ್ತು. ಬಾಲದ ತುದಿಯಲ್ಲಿ ಒಂದು ಉಂಗುರ ಬಿಗಿದುಕೊಂಡಿತ್ತು, ಹಾಗೇ ಬಿಟ್ಟರೆ ರಕ್ತ ಓಡುವುದು ನಿಂತು ತುದಿ ಸತ್ತುಹೋಗುತ್ತದೆ. ಎಡಗಣ್ಣಿನ ಮೇಲೆ ಹಳೇ ಪೊರೆ ಮಬ್ಬಾಗಿ ಉಳಿದಿತ್ತು. ಮುಚ್ಚಳದ ಡಬ್ಬದಲ್ಲಿ ಉಗುರು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಟವೆಲ್ ಹಾಕಿ ಅರ್ಧ ಗಂಟೆ ಅದರಲ್ಲಿ ಬಿಟ್ಟೆ, ಅವಳೇ ಟವೆಲ್ ಮಡಿಕೆಯಲ್ಲಿ ನುಸುಳಿ ನುಸುಳಿ ಮುಕ್ಕಾಲು ಪಾಲು ಬಿಡಿಸಿಕೊಂಡಳು. ಬಾಲದ ಉಂಗುರವನ್ನು ಒದ್ದೆ ಬೆರಳಲ್ಲಿ ಮೆಲ್ಲಗೆ ಹೊರಳಿಸಿ ತೆಗೆದೆ. ಕಣ್ಣನ್ನು ಮುಟ್ಟಲಿಲ್ಲ. ಯಾರೂ ಮುಟ್ಟಬೇಡಿ, ಚಿಮಟ ತಗೊಂಡು ಕೀಳಲು ಹೋದರೆ ಕಣ್ಣೇ ಹೋಗುತ್ತದೆ. ಮುಂದಿನ ಪೊರೆಯ ಜೊತೆ ಅದು ತಾನಾಗಿ ಬಂತು.

ಮೂತಿಯ ತುದಿಯೂ ಕೆಂಪಾಗಿತ್ತು. ನಾಲ್ಕೂ ಕಡೆ ಬಯಲು, ಹೊರಗೆ ಜನ ಓಡಾಡುವುದು ಕಾಣುತ್ತಿತ್ತು, ರಾತ್ರಿಯಿಡೀ ಜಾಲರಿಗೆ ಮೂತಿ ತಿಕ್ಕುತ್ತಿದ್ದಳು. ಎರಡು ತಿಂಗಳು ಇಲಿ ಮುಟ್ಟಲಿಲ್ಲ.

ಗಾಜು ಈಗಾಗಲೇ ತಂದುಬಿಟ್ಟಿದ್ದೀರಾ? ಎಸೆಯಬೇಡಿ. ಹಿಂದೆ ಮತ್ತು ಎರಡು ಬದಿಗೆ ಹೊರಗಡೆಯಿಂದ ಥರ್ಮಾಕೋಲ್ ಶೀಟ್ ಅಂಟಿಸಿ, ಶಾಖವೂ ನಿಲ್ಲುತ್ತದೆ, ಬಯಲೂ ಮುಚ್ಚುತ್ತದೆ. ಜಾಲರಿಯ ಮುಕ್ಕಾಲು ಭಾಗಕ್ಕೆ ಅಕ್ರಿಲಿಕ್ ಹಾಳೆ ಕೂರಿಸಿ, ಹೀಟರ್ ಇರುವ ಕಡೆ ಮಾತ್ರ ಬಿಡಿ. ಥರ್ಮಾಕೋಲ್ ಹೀಟರ್ ಹತ್ತಿರ ಬರಬಾರದು. ಇಷ್ಟು ಮಾಡಿದರೆ ಒಂದು ವರ್ಷ ತಳ್ಳಬಹುದು. ಮಾರ್ಪಾಡು ಮಾಡಿದ ಮೇಲೂ ಅದು ತುಂಬಾ ಭಾರ. ನಾಲ್ಕು ಅಡಿಯ ಗಾಜಿನ ಟ್ಯಾಂಕ್ ಎತ್ತಲು ಇಬ್ಬರು ಬೇಕು. ಮುಂದೆ ಬಾಗಿಲು ಇಲ್ಲದೆ ಮೇಲಿನಿಂದ ಕೈ ಹಾಕಬೇಕು, ಅದು ಹಾವಿಗೆ ಹದ್ದು ಎರಗಿದ ಹಾಗೆ, ಎಷ್ಟೇ ಸಾಧುವಾದರೂ ಮುದುಡಿಕೊಳ್ಳುತ್ತದೆ.

ಪ್ಲೈವುಡ್

ಶಾಖ ಹಿಡಿಯುವುದರಲ್ಲಿ ಮರ ಬಹಳ ಒಳ್ಳೆಯದು. ಡಿಸೆಂಬರ್‌ನಲ್ಲಿ ಕರೆಂಟ್ ಹೋದಾಗ ಗಾಜಿನ ಟ್ಯಾಂಕ್ ಬೇಗ ತಣ್ಣಗಾಗುತ್ತದೆ, ಮುಕ್ಕಾಲು ಇಂಚಿನ ಪ್ಲೈವುಡ್ ಪೆಟ್ಟಿಗೆ ತುಂಬಾ ಹೊತ್ತು ಬೆಚ್ಚಗಿರುತ್ತದೆ. ಬಡಗಿಗಳಿಗೆ ಕೈಗೆ ಒಗ್ಗಿದ ಕೆಲಸ, ಎಲ್ಲಿ ಬೇಕಾದರೂ ಮಾಡಿಸಬಹುದು.

ತೇವವೇ ಅದರ ಶತ್ರು. ಮೂಲೆಯ ಸಂದಿಯಲ್ಲಿ ನೀರು ಇಳಿದರೆ ಒಂದೇ ಮಳೆಗಾಲಕ್ಕೆ ಪ್ಲೈ ಉಬ್ಬಿ ಪದರ ಬಿಡುತ್ತದೆ. ನೀರು ತಡೆಯುವ ಪ್ಲೈಯನ್ನೇ ಕೇಳಿ ತಗೊಳ್ಳಿ, ಒಳಗೆ ಮೈಕಾ ಹಚ್ಚಿಸಿ, ಎಲ್ಲ ಮೂಲೆಗೂ ಅಕ್ವೇರಿಯಂ ಸಿಲಿಕೋನ್ ಎಳೆಸಿ. ಬಚ್ಚಲಿಗೆ ಹಾಕುವ ಬೂಸ್ಟು ನಿರೋಧಕ ಸಿಲಿಕೋನ್ ಬೇಡ, ಅದರಲ್ಲಿ ವಿಷದ ಪದಾರ್ಥ ಇರುತ್ತದೆ. ವಾರ್ನಿಷ್ ಹೊಡೆದರೆ ಎರಡು ಮೂರು ವಾರ ಗಾಳಿಯಲ್ಲಿ ಬಿಡಿ, ನಿಮ್ಮ ಮೂಗಿಗೆ ಸ್ವಲ್ಪವೂ ವಾಸನೆ ಬರಬಾರದು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಮಾತ್ರ ಮುಟ್ಟಲೇಬೇಡಿ, ನೀರು ಕುಡಿದರೆ ರೊಟ್ಟಿ ನೆನೆದ ಹಾಗೆ ಆಗುತ್ತದೆ. ದೇವದಾರು ಮರವೂ ಬೇಡ, ಅದರ ಎಣ್ಣೆಯ ಘಾಟು ಹಾವಿನ ಶ್ವಾಸಕ್ಕೆ ಕೆಟ್ಟದ್ದು.

ಇನ್ನೊಂದು ತೊಂದರೆ ಉಣ್ಣಿ, ಹೇನಿನಂಥ ಹುಳು ಬಂದರೆ. ಮರದ ಸಂದಿಯಿಂದ ಅದನ್ನು ಓಡಿಸುವುದು ಬಹಳ ಕಷ್ಟ.

ಪಿವಿಸಿ ಪೆಟ್ಟಿಗೆ ಮಾಡಿಸಿದ್ದು

ಈಗ ಅಡುಗೆಮನೆ ಕಪಾಟಿಗೆಲ್ಲ ಪಿವಿಸಿ ಫೋಮ್ ಶೀಟ್, ಡಬ್ಲ್ಯೂಪಿಸಿ ಶೀಟ್ ಹಾಕುತ್ತಾರಲ್ಲ, ಅದೇ ವಸ್ತು. ನೀರಿಗೆ ಉಬ್ಬುವುದಿಲ್ಲ, ಗೆದ್ದಲು ಹತ್ತುವುದಿಲ್ಲ, ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುವುದರಿಂದ ಶಾಖವೂ ನಿಲ್ಲುತ್ತದೆ. ಒರೆಸಿದರೆ ಸ್ವಚ್ಛ. ಹೊರಗಿನಿಂದ ರೆಡಿ ಪೆಟ್ಟಿಗೆ ತರಿಸಿದರೆ ಸಾಗಾಣಿಕೆ ಖರ್ಚೇ ಜಾಸ್ತಿ. ಇಲ್ಲೇ ಮಾಡಿಸಿ.

ಲೆಕ್ಕ ಹಾಕಿ ನೋಡಿ. ನಾಲ್ಕು ಅಡಿ, ಎರಡು, ಎರಡು. ತಳ 8 ಚದರ ಅಡಿ, ಮೇಲ್ಭಾಗ 8, ಬೆನ್ನು 8, ಎರಡು ಬದಿ ಸೇರಿ 8. ಒಟ್ಟು 32. ಮಾರುಕಟ್ಟೆಯಲ್ಲಿ ಸಿಗುವ ಎಂಟು ಅಡಿ ನಾಲ್ಕು ಅಡಿ ಶೀಟ್ ಒಂದೇ ಸರಿಹೋಗುತ್ತದೆ. ಮುಂದಿನ ಕೆಳಗಿನ ಮತ್ತು ಮೇಲಿನ ಪಟ್ಟಿಗೆ ಬಡಗಿಯ ಹತ್ತಿರ ಉಳಿದ ತುಂಡು ಇದ್ದೇ ಇರುತ್ತದೆ. ಕೆಳಗಿನ ಪಟ್ಟಿ ಐದು ಇಂಚು ಎತ್ತರ ಇರಲಿ, ಇಲ್ಲದಿದ್ದರೆ ಬಾಗಿಲು ತೆಗೆದಾಗೆಲ್ಲ ಕೊಕೊಪೀಟ್ ನೆಲಕ್ಕೆ ಸುರಿಯುತ್ತದೆ. ಮುಂದೆ ಅಂಗಡಿ ಶೋಕೇಸಿಗೆ ಹಾಕುವ ಚಾನೆಲ್, ಅದರಲ್ಲಿ ಜಾರುವ ಐದು ಮಿಲಿಮೀಟರ್ ಗಾಜು ಎರಡು. ಎರಡೂ ಗಾಜು ನಡುವೆ ಒಂದು ಇಂಚಾದರೂ ಒಂದರ ಮೇಲೊಂದು ಬರಬೇಕು.

ನಾನು ಬಡಗಿಯ ಮುಂದೆ ಕೂತು ಚಿತ್ರ ಬಿಡಿಸುತ್ತಿದ್ದಾಗ ಅವರು ಕೇಳಿದರು, "ಏನ್ ಇಡ್ತೀರ್ರಿ ಸಾರ್ ಇದ್ರಾಗ? ಸೀರೆ ಶೋಕೇಸ್ ಏನ್ರಿ?" ಹಾವು ಅಂದೆ. ಒಂದು ಕ್ಷಣ ಸುಮ್ಮನಾದರು. ಆಮೇಲೆ ತಾವೇ ಎದ್ದು ಹೋಗಿ ಗಾಜಿಗೆ ಹಾಕುವ ಹಲ್ಲಿನ ಪಟ್ಟಿಯ ಬೀಗ ತಂದು, "ಹಂಗಾದ್ರ ಇದು ಬೇಕೇ ಬೇಕ್ರಿ" ಅಂದರು. ಅವರ ಮಾತು ನೂರಕ್ಕೆ ನೂರು ನಿಜ. ಬಾಲ್ ಪೈಥಾನ್ ಮೈಯೆಲ್ಲ ಮಾಂಸ, ತಲೆ ಹೋಗುವ ಸಂದಿ ಸಿಕ್ಕರೆ ಗಾಜನ್ನು ಮೂತಿಯಲ್ಲೇ ಸರಿಸುತ್ತದೆ. ಬೀಗದ ಕೈ ಗಾಜಿನ ಹತ್ತಿರ ನೇತುಹಾಕಬೇಡಿ, ಮನೆಗೆ ಬರುವ ಮಕ್ಕಳಿಗೆ ಸಿಗದ ಹಾಗೆ ಇಡಿ.

ಗಾಳಿಗೆ ಒಂದು ಬದಿಯಲ್ಲಿ ಕೆಳಗೆ, ಇನ್ನೊಂದು ಬದಿಯಲ್ಲಿ ಮೇಲೆ, ಕಪಾಟಿಗೆ ಹಾಕುವ ದುಂಡು ಜಾಲಿ ಎರಡೆರಡು ಸಾಕು. ಜಾಸ್ತಿ ತೂತು ಕೊರೆಸಿದರೆ ಮತ್ತೆ ಗಾಜಿನ ಟ್ಯಾಂಕಿನ ಕಥೆಯೇ.

ಒಂದು ಎಚ್ಚರಿಕೆ. ಪಿವಿಸಿ ಜಾಸ್ತಿ ಬಿಸಿಗೆ ಮೆತ್ತಗಾಗುತ್ತದೆ. ಸೆರಾಮಿಕ್ ಹೀಟರ್ ಹಾಕುವುದಾದರೆ ಪಿಂಗಾಣಿ ಹೋಲ್ಡರ್ ಇರಲಿ, ಛಾವಣಿಯಿಂದ ದೂರ ತೂಗಲಿ, ಸುತ್ತಲೂ ತಂತಿ ಬುಟ್ಟಿ ಕಡ್ಡಾಯ. ಹಾವು ಬಿಸಿ ಬಲ್ಬಿಗೇ ಸುತ್ತಿಕೊಂಡು ಸುಟ್ಟುಕೊಳ್ಳುತ್ತದೆ. ನನಗೆ ಹಿಡಿಸಿದ್ದು ಛಾವಣಿಗೆ ಕೂರಿಸುವ ಚಪ್ಪಟೆ ಹೀಟ್ ಪ್ಯಾನೆಲ್. ದುಬಾರಿ, ನಿಜ. ಆದರೆ ಗಾಳಿ ಒಣಗಿಸುವುದು ಕಡಿಮೆ, ಬೆಳಕು ಬರುವುದಿಲ್ಲ, 80 ವ್ಯಾಟ್‌ನದನ್ನು ಮನೆಯ ಇನ್ವರ್ಟರ್ ಆರಾಮಾಗಿ ಎಳೆಯುತ್ತದೆ. ನಮ್ಮ ಕಡೆ ಇನ್ವರ್ಟರ್ ಲೆಕ್ಕ ಬಹಳ ಮುಖ್ಯ, ಅಲ್ವಾ.

ಒಟ್ಟು ಖರ್ಚು ಗಾಜಿಗಿಂತ ಜಾಸ್ತಿ ಆಯಿತು. ಆದರೆ ಗಾಜಿಗೆ ಕೊಟ್ಟಿದ್ದನ್ನೂ ಸೇರಿಸಿದರೆ ಮೊದಲೇ ಇದನ್ನು ಮಾಡಿಸಿದ್ದರೆ ಎಷ್ಟೋ ಉಳಿಯುತ್ತಿತ್ತು. ಮೂರು ಅಡಿಯದು ಸದ್ಯಕ್ಕೆ ಸಾಕು, ಆಮೇಲೆ ನೋಡೋಣ ಅನ್ನುವವರಿಗೆ ನಾನು ಹೇಳುವುದು ಇದೇ. ಹೆಣ್ಣು ನಾಲ್ಕರಿಂದ ಐದು ಅಡಿ ಆಗುತ್ತದೆ, ಕೆಲವು ಇನ್ನೂ ಉದ್ದ. ಗಂಡು ಮೂರು ಮೂರೂವರೆ. ಮೂರ್ನಾಲ್ಕು ವರ್ಷದಲ್ಲಿ ಬೆಳವಣಿಗೆ ಹೆಚ್ಚುಕಡಿಮೆ ಮುಗಿಯುತ್ತದೆ. ನಡುವಿನ ಅಳತೆಯ ಪೆಟ್ಟಿಗೆಗೆ ಹಾಕಿದ ದುಡ್ಡು ಎರಡು ವರ್ಷಕ್ಕೆ ಮೂಲೆ ಸೇರುತ್ತದೆ. ಐದು ಅಡಿ ದಾಟುವ ಹೆಣ್ಣು ಅಂತ ಗೊತ್ತಿದ್ದರೆ, ಜಾಗವೂ ಇದ್ದರೆ, ಐದು ಅಡಿಯದನ್ನೇ ಮಾಡಿಸಿ.

ದೊಡ್ಡ ಪೆಟ್ಟಿಗೆ ಕೊಟ್ಟರೆ ಹಾವು ಹೆದರಿ ತಿನ್ನುವುದು ಬಿಡುತ್ತದೆ ಅಂತ ಹೇಳುವವರಿದ್ದಾರೆ. ಹಾವು ಹೆದರುವುದು ಖಾಲಿ ಜಾಗಕ್ಕೆ. ಖಾಲಿ ಹಾಲ್ ನಡುವೆ ಚಾಪೆ ಹಾಕಿ ಮಲಗಿ ಅಂದರೆ ನಮಗೂ ನಿದ್ದೆ ಬರುವುದಿಲ್ಲ. ತುಂಬಿಸಿ. ಬಾಯಿ ಒಡೆದ ಮಡಕೆಯ ಅಂಚು ಉಜ್ಜಿ ಮಗುಚಿ ಹಾಕಿ, ಚನ್ನಗಿರಿ ಕಡೆಯವರು ಪರಿಚಯ ಇದ್ದರೆ ಔಷಧ ಹೊಡೆಯದ ತೋಟದ ಅಡಿಕೆ ಹಾಳೆ ನಾಲ್ಕು ತರಿಸಿ, ಬಿಸಿನೀರು ಹೊಯ್ದು ಒಣಗಿಸಿ ನೆಲದ ಮೇಲೆ ಬಗ್ಗಿಸಿ ಇಡಿ. ಹಾಳೆಯ ಕೆಳಗೆ ಹಾವು ನುಸುಳುವುದನ್ನು ನೋಡಿದರೆ ಗೊತ್ತಾಗುತ್ತದೆ, ಹಾಳೆ ಮೆಲ್ಲಗೆ ಉಸಿರಾಡುವ ಹಾಗೆ ಏಳುತ್ತದೆ, ಇಳಿಯುತ್ತದೆ, ಆಮೇಲೆ ಆ ತುದಿಯಲ್ಲಿ ಮೂತಿಯೊಂದೇ ಹೊರಗೆ ಬರುತ್ತದೆ. ಬೂಸ್ಟು ಹತ್ತಿದ ಹಾಳೆ ತೆಗೆದು ಬೇರೆ ಹಾಕಿದರಾಯಿತು. ಒಂದು ಗಟ್ಟಿ ಕೊಂಬೆಯನ್ನೂ ಅಡ್ಡ ಕೂರಿಸಿ. ಇದು ನೆಲದ ಹಾವು, ಹತ್ತುವುದಿಲ್ಲ ಅನ್ನುವುದು ಸುಮ್ನೆ ಮಾತು. ಕಾಡಿನಲ್ಲಿ, ಅದರಲ್ಲೂ ಗಂಡು ಮತ್ತು ಮರಿಗಳು, ಮರ ಹತ್ತಿ ಹಕ್ಕಿ ಹಿಡಿಯುತ್ತವೆ. ಚಕ್ಕುಲಿ ರಾತ್ರಿ ಹನ್ನೊಂದರ ಮೇಲೆ ಕೊಂಬೆ ಮೇಲೇ ಇರುತ್ತಾಳೆ.

ಬೇಸಿಗೆ

ಎಲ್ಲರೂ ಬಿಸಿ ಮಾಡುವುದನ್ನೇ ಯೋಚಿಸುತ್ತಾರೆ. ನಮಗೆ ಮಾರ್ಚ್‌ನಿಂದ ಮೇ ತನಕ ತಂಪು ಮಾಡುವುದೇ ದೊಡ್ಡ ಕೆಲಸ. ರೂಮೇ 36 ಆದರೆ ಯಾವ ಪೆಟ್ಟಿಗೆಯೂ ತಂಪು ಕಡೆ 26 ಕೊಡಲಾರದು. 35ರ ಮೇಲೆ ಗಂಟೆಗಟ್ಟಲೆ ಇದ್ದರೆ ಹಾವಿನ ಜೀವಕ್ಕೇ ಅಪಾಯ. ಪೆಟ್ಟಿಗೆಯನ್ನು ಆರ್‌ಸಿಸಿ ಕೆಳಗಿನ ಮೇಲ್ಮಹಡಿ ರೂಮಿನಲ್ಲಿ ಇಡಬೇಡಿ, ಕೆಳಗಿನ ಮನೆಯಲ್ಲಿ, ಒಳಗೋಡೆಗೆ, ನೆಲಕ್ಕೆ ಹತ್ತಿರ ಇಡಿ. ಪಶ್ಚಿಮದ ಕಿಟಕಿ ಎದುರು ಬೇಡವೇ ಬೇಡ, ಅದರಲ್ಲೂ ಗಾಜಿನದಾದರೆ ಅರ್ಧ ಗಂಟೆ ಸಂಜೆ ಬಿಸಿಲು ಸಾಕು, ಒಲೆ ಆಗುತ್ತದೆ.

ಏರ್ ಕೂಲರ್ ಇದ್ದರೆ ಅದೇ ನಿಮ್ಮ ದೊಡ್ಡ ಸಹಾಯ. ರೂಮಿನ ಬಿಸಿಯೂ ಇಳಿಯುತ್ತದೆ, ಒಣ ಗಾಳಿಗೆ ತೇವವೂ ಸಿಗುತ್ತದೆ. ಎಸಿ ತಂಪು ಕೊಡುತ್ತದೆ, ಆದರೆ ತೇವ ಹೀರಿಕೊಳ್ಳುತ್ತದೆ. ಗಾಳಿ ನೇರ ಪೆಟ್ಟಿಗೆಗೆ ಬಡಿಯದ ಹಾಗೆ ತಿರುಗಿಸಿ. ತೀರಾ ಸೆಕೆಯ ದಿನ ನೀರಿನ ಬಾಟಲಿ ಫ್ರೀಜ್ ಮಾಡಿ, ಬಟ್ಟೆ ಸುತ್ತಿ, ತಂಪು ಕಡೆಯ ಛಾವಣಿ ಮೇಲೆ ಹೊರಗಡೆಯಿಂದ ಇಡಿ.

ಮಳೆಗಾಲದಲ್ಲಿ ಉಲ್ಟಾ. ತೇವ ಜಾಸ್ತಿ, ಹೀಟರ್ ಕಡಿಮೆ, ಅದು ಎರಡೂ ಸೇರಿದರೆ ಎದೆ ಕಟ್ಟುತ್ತದೆ. ಬಾಯಲ್ಲಿ ಗುಳ್ಳೆ, ಉಸಿರಲ್ಲಿ ಸಿಳ್ಳೆಯ ಸದ್ದು, ತಲೆ ಮೇಲೆತ್ತಿ ಬಾಯಿ ತೆರೆದು ಕೂರುವುದು, ಇದನ್ನು ಕಂಡ ದಿನವೇ ಹಾವಿನ ಬಗ್ಗೆ ತಿಳಿದ ಪಶುವೈದ್ಯರ ಹತ್ತಿರ ಹೋಗಿ. ಅಂಥವರು ಯಾರು, ಎಲ್ಲಿದ್ದಾರೆ ಅಂತ ಹಾವು ತರುವ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ.

ಯಾವಾಗ ಬದಲಿಸಬೇಕು, ಹೇಗೆ

ವಯಸ್ಸು ನೋಡಬೇಡಿ, ತೂಕ ಮತ್ತು ಉದ್ದ ನೋಡಿ. ನನ್ನ ರೂಢಿ: 300 ಗ್ರಾಂ ತನಕ ಸಣ್ಣ ಟಬ್, ಅಲ್ಲಿಂದ 600, 700 ಗ್ರಾಂ ತನಕ 50 ಲೀಟರ್ ಮೇಲಿನ ಉದ್ದನೆಯ ಟಬ್, ಆಮೇಲೆ ನೇರ ನಾಲ್ಕು ಅಡಿಯದು. ಪೆಟ್ಟಿಗೆ ಮೊದಲೇ ಸಿದ್ಧ ಇದ್ದು, ಒಳಗೆ ಗೂಡು, ಹಾಳೆ ಎಲ್ಲ ತುಂಬಿದ್ದರೆ 300 ಗ್ರಾಂಗೇ ಬಿಟ್ಟರೂ ತೊಂದರೆ ಇಲ್ಲ. ಉದ್ದ ಅಳೆಯಲು ಹಾವನ್ನು ಎಳೆಯಬೇಡಿ. ಗೋಡೆ ಅಂಚಿನಲ್ಲಿ ಹರಿಯುವಾಗ ಪಕ್ಕದಲ್ಲಿ ದಾರ ಹಿಡಿದು ಅಳೆಯಿರಿ. ಆ ಉದ್ದ ಪೆಟ್ಟಿಗೆಯ ಉದ್ದಕ್ಕೆ ಸಮ ಆಗುವ ಮುಂಚೆ ಹೊಸದು ತಯಾರಿರಬೇಕು.

ಹೊಸ ಪೆಟ್ಟಿಗೆಯನ್ನು ಹಾವು ಇಲ್ಲದೆ ಒಂದು ವಾರ ಓಡಿಸಿ. ಬಿಸಿ ಕಡೆ, ತಂಪು ಕಡೆ, ರಾತ್ರಿ, ಮಧ್ಯಾಹ್ನ, ನಾಲ್ಕೂ ಹೊತ್ತು ಮೀಟರ್ ನೋಡಿ ಬರೆದಿಟ್ಟುಕೊಳ್ಳಿ. ಸರಿ ಬಂದ ಮೇಲೆ ಹಳೇ ಗೂಡನ್ನು ತೊಳೆಯದೆ ಹಾಗೇ ತಂದಿಡಿ, ಹಳೇ ಕೊಕೊಪೀಟ್‌ನಲ್ಲಿ ಸ್ವಚ್ಛ ಇರುವುದನ್ನು ನಾಲ್ಕು ಹಿಡಿ ಬೆರೆಸಿ. ತನ್ನದೇ ವಾಸನೆ ಇದ್ದರೆ ಬೇಗ ನೆಲೆ ನಿಲ್ಲುತ್ತದೆ. ಏಳು ದಿನ ಎತ್ತಬೇಡಿ, ಮನೆಗೆ ಬಂದವರಿಗೆ ತೋರಿಸಬೇಡಿ, ನೀರು ಬದಲಿಸಿ ಬಾಗಿಲು ಮುಚ್ಚಿ. ಎಂಟನೇ ದಿನ ಊಟ ಕೊಡಿ. ತಿನ್ನದಿದ್ದರೆ ಗಾಬರಿ ಬೇಡ, ಇನ್ನೊಂದು ವಾರ ಬಿಟ್ಟು ಕೊಡಿ. ದೊಡ್ಡ ಬಾಲ್ ಪೈಥಾನ್ ವಾರಗಟ್ಟಲೆ ತಿನ್ನದೆ ಇರುವುದು ಮಾಮೂಲು. ತೂಕ ಮಾತ್ರ ನೋಡುತ್ತಿರಿ, ನೂರಕ್ಕೆ ಹತ್ತು ಇಳಿದರೆ ವೈದ್ಯರಿಗೆ ತೋರಿಸಿ.

ಚಕ್ಕುಲಿ ಹೊಸ ಪೆಟ್ಟಿಗೆಯಲ್ಲಿ ಮೊದಲ ನಾಲ್ಕು ದಿನ ಮಡಕೆಯಿಂದ ಹೊರಗೇ ಬರಲಿಲ್ಲ. ಐದನೇ ರಾತ್ರಿ ನಾಲಿಗೆ ಚಾಚುತ್ತ ಗೋಡೆಗುಂಟ ಒಂದು ಸುತ್ತು ಬಂದು, ನಡುವೆ ನಿಂತು, ಮೈ ಪೂರ್ತಿ ನೇರ ಮಾಡಿ ಮಲಗಿದಳು. ಹತ್ತನೇ ದಿನ ತಿಂದಳು. ಮುಂದಿನ ಪೊರೆ ಒಂದೇ ತುಂಡಾಗಿ ಬಂತು, ಕಣ್ಣಿನ ಎರಡು ದುಂಡು ಚುಕ್ಕಿ ಸಹಿತ. ಅದನ್ನು ಅವ್ವ ತನ್ನ ಹಳೇ ಡೈರಿಯಲ್ಲಿ ಮಡಚಿ ಇಟ್ಟುಕೊಂಡಿದ್ದಾರೆ.

ಹಳೇ ಟಬ್ ಮಾತ್ರ ಯಾರಿಗೂ ಕೊಡಬೇಡಿ. ಪೆಟ್ಟಿಗೆ ತೊಳೆಯುವ ದಿನ, ವೈದ್ಯರ ಹತ್ತಿರ ಹೋಗುವ ದಿನ, ಕರೆಂಟ್ ಹೋಗಿ ಇನ್ವರ್ಟರೂ ಕೈಕೊಟ್ಟ ಚಳಿ ರಾತ್ರಿ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು ಹಾವನ್ನು ಮಲಗಿಸಲು, ಅದೇ ಬೇಕಾಗುತ್ತದೆ.